ತೆಳು ಕವರಿನ ದೀರ್ಘಾಯುಸ್ಸು

ತರಕಾರಿ ಅಂಗಡಿಯಲ್ಲಿ ಕೈಗೆ ಬರುವ ಪ್ಲಾಸ್ಟಿಕ್ ಕವರಿನ ಮೂಲವಸ್ತು ಪಾಲಿಎಥಿಲೀನ್. ಕಚ್ಚಾ ತೈಲದಿಂದಲೋ ನೈಸರ್ಗಿಕ ಅನಿಲದಿಂದಲೋ ಪಡೆದ ಎಥಿಲೀನ್ ಅನಿಲದ ಸಾವಿರಾರು ಅಣುಗಳನ್ನು ಉದ್ದಕ್ಕೆ ಬೆಸೆದರೆ ಅದು ಸಿಗುತ್ತದೆ. 1933ರಲ್ಲಿ ಇಂಗ್ಲೆಂಡಿನ ನಾರ್ತ್‌ವಿಚ್‌ನ ಐಸಿಐ ಪ್ರಯೋಗಾಲಯದಲ್ಲಿ ಎರಿಕ್ ಫಾಸೆಟ್ ಮತ್ತು ರೆಜಿನಾಲ್ಡ್ ಗಿಬ್ಸನ್ ಬೇರೇನನ್ನೋ ಹುಡುಕುತ್ತಿದ್ದಾಗ ಪಾತ್ರೆಯೊಳಗೆ ಮೇಣದಂಥ ಬಿಳಿ ಪದಾರ್ಥ ಉಳಿಯಿತು. ಪಾಲಿಎಥಿಲೀನ್ ಕೈಗಾರಿಕೆ ಬೆಳೆದದ್ದು ಅಲ್ಲಿಂದ. ಎರಡನೇ ಮಹಾಯುದ್ಧದಲ್ಲಿ ರೇಡಾರ್ ತಂತಿಗಳ ಹೊದಿಕೆಯಾಗಿದ್ದ ಈ ವಸ್ತು ಅಂಗಡಿಯ ಚೀಲವಾಗಲು 1960ರ ದಶಕ ಬರಬೇಕಾಯಿತು. ಹಿಡಿಕೆ ಸಮೇತ ಒಂದೇ ತುಂಡಿನಲ್ಲಿ ಕತ್ತರಿಸಿ ಮಾಡುವ ಬನಿಯನ್ ಆಕಾರದ ಚೀಲವನ್ನು ರೂಪಿಸಿದವರು ಸ್ವೀಡನ್ನಿನ ಸೆಲ್ಲೋಪ್ಲಾಸ್ಟ್ ಕಂಪನಿಯ ಎಂಜಿನಿಯರ್ ಸ್ಟೆನ್ ಗುಸ್ತಾಫ್ ಥುಲಿನ್. 1965ರಲ್ಲಿ ಅದಕ್ಕೆ ಅಮೆರಿಕದ ಪೇಟೆಂಟ್ ಸಿಕ್ಕಿತು. ಕಾಗದದ ಚೀಲಕ್ಕಾಗಿ ಮರ ಕಡಿಯುವುದು ತಪ್ಪಲಿ ಎಂಬುದು ಥುಲಿನ್ ಆಶಯವಾಗಿತ್ತೆಂದೂ, ತಾವು ಮಾಡಿದ ಚೀಲವೊಂದನ್ನು ಮಡಿಸಿ ಸದಾ ಜೇಬಿನಲ್ಲಿ ಇಟ್ಟುಕೊಂಡಿರುತ್ತಿದ್ದರೆಂದೂ ಅವರ ಮಗ ಹೇಳಿದ್ದಾರೆ. ಮತ್ತೆ ಮತ್ತೆ ಬಳಸಲೆಂದೇ ಹುಟ್ಟಿದ ಸಾಮಾನು ಇದು. ಒಮ್ಮೆ ಬಳಸಿ ಎಸೆಯುವ ಅಭ್ಯಾಸ ಆಮೇಲಿನದು, ಅಗ್ಗವಾದ್ದರಿಂದ ಬಂದದ್ದು.

ತಯಾರಿಕೆ ಸರಳ. ಪ್ಲಾಸ್ಟಿಕ್ ಕಾಳುಗಳನ್ನು ಕರಗಿಸಿ, ವೃತ್ತಾಕಾರದ ಸೀಳಿನ ಮೂಲಕ ಒತ್ತಿ, ಒಳಗೆ ಗಾಳಿ ಊದಿದರೆ ಉದ್ದನೆಯ ಕೊಳವೆ ಮೇಲೇಳುತ್ತದೆ. ಆರಿದ ಮೇಲೆ ಅದನ್ನು ಚಪ್ಪಟೆ ಮಾಡಿ, ಬೇಕಾದ ಅಳತೆಗೆ ತಳ ಬೆಸೆದು, ಹಿಡಿಕೆ ಕತ್ತರಿಸುತ್ತಾರೆ. ಗಾಳಿಯನ್ನೂ ಎಳೆಯುವ ವೇಗವನ್ನೂ ಹೆಚ್ಚಿಸಿದಷ್ಟು ಹಾಳೆ ತೆಳುವಾಗುತ್ತದೆ. ತೆಳುವಾದಷ್ಟು ಒಂದು ಕಿಲೋ ಕಾಳಿನಿಂದ ಹೆಚ್ಚು ಕವರ್ ಹುಟ್ಟುತ್ತವೆ. ಇಡೀ ಸಮಸ್ಯೆಯ ಗಂಟು ಇರುವುದು ಈ ಲೆಕ್ಕದಲ್ಲೇ.

25 ಸೆಂಟಿಮೀಟರ್ ಅಗಲ, 35 ಸೆಂಟಿಮೀಟರ್ ಎತ್ತರದ ಕವರೊಂದರ ದಪ್ಪ 20 ಮೈಕ್ರಾನ್ ಎಂದುಕೊಳ್ಳೋಣ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ. ಮನುಷ್ಯನ ತಲೆಗೂದಲೇ 70 ಮೈಕ್ರಾನ್ ಆಸುಪಾಸು ಇರುತ್ತದೆ. ಇಂಥ ಕವರಿನ ತೂಕ ಮೂರೂಕಾಲು ಗ್ರಾಂ. ಚಿಂದಿ ಆಯುವವರು ಒಂದು ಕಿಲೋ ಸೇರಿಸಬೇಕಾದರೆ ಸುಮಾರು 300 ಸಲ ಬಗ್ಗಿ ಹೆಕ್ಕಬೇಕು. ಸಿಕ್ಕಿದ್ದಾದರೂ ಶುಚಿಯಾಗಿರುತ್ತದೆಯೇ ಎಂದರೆ ಅದೂ ಇಲ್ಲ. ಸಾಂಬಾರಿನ ಜಿಡ್ಡೋ ಮೀನಿನ ನೀರೋ ಕೆಸರೋ ಅಂಟಿಕೊಂಡೇ ಇರುತ್ತದೆ. ಇಷ್ಟೆಲ್ಲ ಪಡಿಪಾಟಲಿಗೆ ಗುಜರಿಯಲ್ಲಿ ಸಿಗುವ ಕಾಸು ಯಾವ ಮೂಲೆಗೂ ಸಾಲದು. ಹಾಗಾಗಿ ರಸ್ತೆ ಬದಿಯಿಂದ ನೀರಿನ ಬಾಟಲಿ ಹೋಗುತ್ತದೆ, ಮುರಿದ ಬಕೆಟ್ಟಿನ ಚೂರು ಹೋಗುತ್ತದೆ, ಕವರ್ ಅಲ್ಲೇ ಉಳಿಯುತ್ತದೆ.

ಹಾಲಿನ ಪ್ಯಾಕೆಟ್ಟನ್ನು ಇದರ ಪಕ್ಕ ಇಟ್ಟು ನೋಡಿದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. ಅದೂ ಪಾಲಿಎಥಿಲೀನೇ. ಆದರೆ ದಪ್ಪವಿದೆ, ಎಷ್ಟೋ ಮನೆಗಳಲ್ಲಿ ಅದನ್ನು ತೊಳೆದು, ಒಣಗಿಸಿ, ಕಟ್ಟು ಮಾಡಿ ಗುಜರಿಗೆ ಹಾಕುವ ರೂಢಿಯೂ ಇದೆ. ಬೆಲೆ ಸಿಗುವುದರಿಂದ ಚರಂಡಿಗೆ ಬೀಳುವುದು ಕಡಿಮೆ. (ಪ್ಯಾಕೆಟ್ಟಿನ ಮೂಲೆಯನ್ನು ಪೂರ್ತಿ ಕತ್ತರಿಸಿ ಬೇರ್ಪಡಿಸಿದರೆ ಆ ಚೂರು ಮಾತ್ರ ಯಾರ ಕೈಗೂ ಸಿಗದೆ ಕಸಕ್ಕೆ ಸೇರುತ್ತದೆ. ಅರ್ಧ ಕತ್ತರಿಸಿ ಹಾಲು ಬಗ್ಗಿಸಿದರೆ ಮೂಲೆ ಪ್ಯಾಕೆಟ್ಟಿಗೇ ಅಂಟಿಕೊಂಡಿರುತ್ತದೆ.) ಪ್ಲಾಸ್ಟಿಕ್ ಎಂಬ ಕಾರಣಕ್ಕೇ ಎಲ್ಲವೂ ಒಂದೇ ಬಗೆಯ ಹಾನಿ ಮಾಡುವುದಿಲ್ಲ. ತೆಳುವಾದದ್ದು, ಕೊಳೆಯಾದದ್ದು, ಯಾರಿಗೂ ಬೇಡವಾದದ್ದು ಹೆಚ್ಚು ಹಾನಿ ಮಾಡುತ್ತದೆ.

ಬೇಡವಾದ ಕವರ್ ಮೊದಲು ಸೇರುವುದು ಚರಂಡಿಗೆ. ಹಗುರವಾದ್ದರಿಂದ ಗಾಳಿಗೆ ಹಾರಿ, ಮೊದಲ ಮಳೆಗೆ ಕೊಚ್ಚಿಹೋಗಿ, ಮೋರಿಯ ಜಾಲರಿಗೆ ಮೆತ್ತಿಕೊಳ್ಳುತ್ತದೆ. ಅದರ ಮೇಲೆ ಎಲೆ, ಹೂಳು, ಇನ್ನಷ್ಟು ಕವರ್. ಬಾಂಗ್ಲಾದೇಶದಲ್ಲಿ 1988 ಮತ್ತು 1998ರ ಮಹಾ ಪ್ರವಾಹಗಳಲ್ಲಿ ನೀರು ಇಳಿಯದೆ ನಿಂತದ್ದಕ್ಕೆ ಚರಂಡಿ ಕಟ್ಟಿದ ಪ್ಲಾಸ್ಟಿಕ್ ಚೀಲಗಳೂ ಕಾರಣವೆಂದು ಕಂಡುಬಂದು, 2002ರಲ್ಲಿ ಆ ದೇಶ ತೆಳು ಚೀಲಗಳನ್ನು ನಿಷೇಧಿಸಿತು. ಇಡೀ ದೇಶಕ್ಕೆ ಅನ್ವಯಿಸುವ ಇಂಥ ನಿಷೇಧ ತಂದ ಮೊದಲ ರಾಷ್ಟ್ರ ಅದು. ಬೆಂಗಳೂರಿನ ರಾಜಕಾಲುವೆಗಳು ಉಕ್ಕಿದಾಗಲೂ ಪ್ಲಾಸ್ಟಿಕ್ಕಿನ ಹೆಸರು ಬರುತ್ತದೆ. ಕಾಲುವೆ ಒತ್ತುವರಿ, ಕೆರೆಗಳ ನಾಶ ಇವುಗಳ ಪಾಲು ಅಲ್ಲಿ ದೊಡ್ಡದು. ಎಲ್ಲವನ್ನೂ ಕವರಿನ ತಲೆಗೆ ಕಟ್ಟುವುದು ಒತ್ತುವರಿದಾರರಿಗಷ್ಟೇ ಅನುಕೂಲ.

ದನಕರುಗಳ ಪಾಡು ಮಾತ್ರ ನೇರವಾಗಿ ಕವರಿನದೇ ಫಲ. ಉಳಿದ ಅನ್ನ, ತರಕಾರಿ ಸಿಪ್ಪೆಗಳನ್ನು ಕವರಿಗೆ ತುಂಬಿ, ಬಾಯಿಗೆ ಬಿಗಿಯಾಗಿ ಗಂಟು ಹಾಕಿ ಬೀದಿಯ ಮೂಲೆಗೆ ಎಸೆಯುವುದು ನಗರಗಳ ನಿತ್ಯದ ನೋಟ. ಹಸು ಮೇವನ್ನು ಆರಿಸಿ ಅಗಿದು ತಿನ್ನುವ ಪ್ರಾಣಿಯಲ್ಲ. ನಾಲಿಗೆಯಿಂದ ಸುತ್ತಿ ಎಳೆದು ಮೊದಲು ನುಂಗುತ್ತದೆ, ನಿಧಾನವಾಗಿ ಮೆಲುಕು ಹಾಕುತ್ತದೆ. ಗಂಟು ಬಿಚ್ಚಲಾಗದೆ ಕವರನ್ನೂ ಸೇರಿಸಿ ನುಂಗುತ್ತದೆ. ಅದರ ಹೊಟ್ಟೆಯ ನಾಲ್ಕು ಭಾಗಗಳಲ್ಲಿ ಮೊದಲ ಮತ್ತು ದೊಡ್ಡ ಭಾಗವಾದ ರೂಮೆನ್‌ನಲ್ಲಿ ಸೂಕ್ಷ್ಮಜೀವಿಗಳು ಹುಲ್ಲನ್ನು ಕರಗಿಸಬಲ್ಲವು, ಪಾಲಿಎಥಿಲೀನನ್ನು ಅಲ್ಲ. ಮೆಲುಕಿಗೆ ಬಾಯಿಗೂ ಬಾರದೆ, ಮುಂದಕ್ಕೂ ಸರಿಯದೆ ಕವರ್ ಅಲ್ಲೇ ಉಳಿಯುತ್ತದೆ. ಒಂದಕ್ಕೊಂದು ಹೆಣೆದುಕೊಂಡು, ಹಗ್ಗ, ಬಟ್ಟೆ, ಮೊಳೆಗಳನ್ನೂ ಸುತ್ತಿಕೊಂಡು ಕಲ್ಲಿನಂತೆ ಗಟ್ಟಿಯಾಗುತ್ತದೆ. ಹೊಟ್ಟೆ ತುಂಬಿದಂತಿರುವುದರಿಂದ ಹಸು ಮೇವು ಬಿಡುತ್ತದೆ, ಹಾಲು ಇಳಿಯುತ್ತದೆ, ಹೊಟ್ಟೆ ಉಬ್ಬರಿಸುತ್ತದೆ. ಔಷಧದಿಂದ ಇದು ಕರಗುವುದಿಲ್ಲ. ಎಡಪಕ್ಕೆಯ ಬಳಿ ಕೊಯ್ದು, ಪಶುವೈದ್ಯರು ತೋಳಿನವರೆಗೆ ಕೈ ಹಾಕಿ ಹೊರತೆಗೆಯಬೇಕು. ಒಂದೊಂದು ಹಸುವಿನಿಂದ ಹತ್ತಾರು ಕಿಲೋ ಪ್ಲಾಸ್ಟಿಕ್ ತೆಗೆದ ವರದಿಗಳು ದೇಶದ ನಾನಾ ಕಡೆಗಳಿಂದ ಬಂದಿವೆ. ಕರ್ನಾಟಕದ ಗಡಿಗೆ ಸಮೀಪದ ಪುಟ್ಟಪರ್ತಿಯ ಕರುಣಾ ಸೊಸೈಟಿ 2012ರಲ್ಲಿ ಇತರರ ಜೊತೆಗೂಡಿ ಇದೇ ಸಂಗತಿಯನ್ನು ಸುಪ್ರೀಂ ಕೋರ್ಟಿನ ಮುಂದಿಟ್ಟಿತ್ತು.

ಕವರಿನೊಳಗಿನ ಹಸಿಕಸ ಗೊಬ್ಬರಕ್ಕೂ ಆಗುವುದಿಲ್ಲ. ಗಾಳಿಯಾಡದೆ ಕೊಳೆತು ನಾರುತ್ತದೆ. ಯಂತ್ರಕ್ಕೆ ಕೊಟ್ಟರೆ ಕವರ್ ಹರಿದು ಚೂರುಗಳು ಗೊಬ್ಬರದೊಂದಿಗೆ ಹೊಲಕ್ಕೆ ಹೋಗುತ್ತವೆ. ಮಣ್ಣಿನಲ್ಲಿ ಹುದುಗಿದ ಹಾಳೆ ನೀರು ಇಂಗುವುದಕ್ಕೂ ಬೇರು ಇಳಿಯುವುದಕ್ಕೂ ಅಡ್ಡಿ. ಸುಟ್ಟುಬಿಟ್ಟರಾಯಿತು ಎನ್ನುವವರೂ ಇದ್ದಾರೆ. ಬರೀ ಪಾಲಿಎಥಿಲೀನ್ ಸುಟ್ಟರೆ ಮಸಿ, ಕಾರ್ಬನ್ ಮೊನಾಕ್ಸೈಡ್ ಬರುತ್ತವೆ. ಬೀದಿಯಲ್ಲಿ ಉರಿಯುವ ಕಸದ ರಾಶಿಯಲ್ಲಿ ಪಿವಿಸಿ ತಂತಿ, ರೆಕ್ಸಿನ್, ಫ್ಲೆಕ್ಸ್ ಎಲ್ಲ ಬೆರೆತಿರುತ್ತವೆ. ಅವುಗಳಲ್ಲಿನ ಕ್ಲೋರಿನ್‌ನಿಂದ ಡಯಾಕ್ಸಿನ್‌ನಂಥ ಘೋರ ವಿಷ ಉಂಟಾಗುತ್ತದೆ. ಮೈ ಬೆಚ್ಚಗಾಗಲೆಂದು ಚಳಿಗಾಲದ ಬೆಳಗ್ಗೆ ಅದರ ಸುತ್ತ ಕೂರುವವರು ಉಸಿರಾಡುವುದು ಅದನ್ನೇ.

ನದಿ ಸೇರಿದ ಕವರ್ ಕೊನೆಗೆ ಕಡಲು ಕಾಣುತ್ತದೆ. ಕರಾವಳಿಯಲ್ಲಿ ಮೊಟ್ಟೆಯಿಡಲು ಬರುವ ಆಲಿವ್ ರಿಡ್ಲೆ ಸೇರಿದಂತೆ ಕಡಲಾಮೆಗಳು ತೇಲುವ ಕವರನ್ನು ಲೋಳೆಮೀನೆಂದು ತಿಳಿದು ನುಂಗುತ್ತವೆ. ಮೋಸ ಹೋಗುವುದು ಕಣ್ಣು ಮಾತ್ರ ಅಲ್ಲ. ಕೆಲವು ವಾರ ನೀರಿನಲ್ಲಿ ಬಿದ್ದ ಪ್ಲಾಸ್ಟಿಕ್ಕಿನ ಮೇಲೆ ಪಾಚಿ, ಸೂಕ್ಷ್ಮಜೀವಿಗಳು ಬೆಳೆದು ಆಹಾರದ ವಾಸನೆಯೇ ಬರುತ್ತದೆಂದು, ಆಮೆಗಳು ಆ ವಾಸನೆಗೆ ಸ್ಪಂದಿಸುತ್ತವೆಂದು 2020ರಲ್ಲಿ ಪ್ರಕಟವಾದ ಪ್ರಯೋಗ ತೋರಿಸಿತು. ಭೂಮಿಯ ಅತಿ ಆಳದ ತಗ್ಗಾದ ಪೆಸಿಫಿಕ್ ಸಾಗರದ ಮರಿಯಾನಾ ಕಂದರದಲ್ಲಿ, 10 ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ಪ್ಲಾಸ್ಟಿಕ್ ಚೀಲ ಕಂಡ ದಾಖಲೆಯಿದೆ.

ಕವರ್ ಕರಗಲು ಸಾವಿರ ವರ್ಷ ಬೇಕು ಎಂಬ ಮಾತು ಗೋಡೆಬರಹಗಳಲ್ಲಿ ಧಾರಾಳವಾಗಿ ಕಾಣುತ್ತದೆ. ಪಾಲಿಎಥಿಲೀನ್ ಕೈಗಾರಿಕೆಗೆ ಇನ್ನೂ ನೂರು ವರ್ಷ ತುಂಬಿಲ್ಲ. ಸಾವಿರ ಎಂಬುದು ಅಂದಾಜು, ಅಳತೆಯಲ್ಲ. ತಿಳಿದಿರುವುದು ಇಷ್ಟು: ಬಿಸಿಲಿನ ಅತಿನೇರಳೆ ಕಿರಣಕ್ಕೆ ಕವರ್ ಪೆಡಸಾಗಿ, ಮುಟ್ಟಿದರೆ ಪುಡಿಯಾಗುತ್ತದೆ. ಪುಡಿಯಾದರೂ ಅದು ಪ್ಲಾಸ್ಟಿಕ್ಕೇ. ಐದು ಮಿಲಿಮೀಟರಿಗಿಂತ ಸಣ್ಣ ಚೂರುಗಳಿಗೆ ಮೈಕ್ರೋಪ್ಲಾಸ್ಟಿಕ್ ಎಂದು ಹೆಸರು. ಮಣ್ಣು, ಉಪ್ಪು, ಮೀನು, ಕುಡಿಯುವ ನೀರು ಎಲ್ಲದರಲ್ಲೂ ಅವು ಸಿಕ್ಕಿವೆ. 2022ರಲ್ಲಿ ನೆದರ್ಲೆಂಡ್ಸ್‌ನ ಸಂಶೋಧಕರು 22 ದಾನಿಗಳ ರಕ್ತ ಪರೀಕ್ಷಿಸಿದಾಗ 17 ಮಂದಿಯಲ್ಲಿ ಪ್ಲಾಸ್ಟಿಕ್ ಕಣಗಳಿದ್ದವು. ಅದರಿಂದ ದೇಹಕ್ಕೆ ಎಷ್ಟು ಹಾನಿ ಎಂಬ ಅಧ್ಯಯನಗಳು ಇನ್ನೂ ನಡೆಯುತ್ತಿವೆ.

ಭಾರತದ ಕಾನೂನು ಈ ಸಮಸ್ಯೆಯನ್ನು ಹಿಡಿದದ್ದು ದಪ್ಪದ ಕಡೆಯಿಂದ. ಕವರ್ ದಪ್ಪವಾದರೆ ತೂಕ ಬರುತ್ತದೆ, ತೂಕ ಬಂದರೆ ಹೆಕ್ಕುವವರಿಗೆ ಬೆಲೆ ಸಿಗುತ್ತದೆ, ಅಂಗಡಿಯವರೂ ಪುಕ್ಕಟೆ ಕೊಡಲಾರರು ಎಂಬುದು ತರ್ಕ. 1999ರ ನಿಯಮದಲ್ಲಿ ಕನಿಷ್ಠ ದಪ್ಪ 20 ಮೈಕ್ರಾನ್ ಇತ್ತು. 2011ರಲ್ಲಿ 40, 2016ರಲ್ಲಿ 50, 2021ರ ಸೆಪ್ಟೆಂಬರ್ 30ರಿಂದ 75, 2022ರ ಡಿಸೆಂಬರ್ 31ರಿಂದ 120 ಮೈಕ್ರಾನ್ ಆಯಿತು. ಮೇಲೆ ಹೇಳಿದ ಅಳತೆಯ ಕವರ್ 120 ಮೈಕ್ರಾನ್ ಆದರೆ 20 ಗ್ರಾಂ ತೂಗುತ್ತದೆ. ಕಿಲೋಗೆ 50 ಸಾಕು. ತರ್ಕ ಸರಿಯೇ. ಅದನ್ನೂ ಒಂದೇ ಸಲ ಬಳಸಿ ಎಸೆದರೆ ಮಾತ್ರ ಕಸದ ತೂಕ ಆರು ಪಟ್ಟು.

ಕರ್ನಾಟಕ ಇನ್ನೂ ಮುಂದೆ ಹೋಗಿದೆ. 2016ರ ಮಾರ್ಚ್ 11ರ ಅಧಿಸೂಚನೆಯಲ್ಲಿ ರಾಜ್ಯ ಸರ್ಕಾರ, ದಪ್ಪ ಎಷ್ಟೇ ಇರಲಿ, ಪ್ಲಾಸ್ಟಿಕ್ ಕ್ಯಾರಿಬ್ಯಾಗ್‌ಗಳ ತಯಾರಿಕೆ, ಮಾರಾಟ, ಬಳಕೆಗಳನ್ನು ನಿಷೇಧಿಸಿತು; ಹಾಲಿನ ಪ್ಯಾಕೆಟ್, ನರ್ಸರಿ ಸಸಿಗಳ ಚೀಲ ಮೊದಲಾದವಕ್ಕೆ ವಿನಾಯಿತಿ ಕೊಟ್ಟಿತು. 120 ಮೈಕ್ರಾನ್ ಕವರಿಗೆ ಕೇಂದ್ರದ ನಿಯಮ ಅವಕಾಶ ಕೊಟ್ಟರೂ ಕರ್ನಾಟಕದಲ್ಲಿ ಅದು ನಿಷಿದ್ಧ. ಈ ವ್ಯತ್ಯಾಸ ಅನೇಕ ವ್ಯಾಪಾರಿಗಳಿಗೇ ಗೊತ್ತಿಲ್ಲ. 2022ರ ಜುಲೈ 1ರ ರಾಷ್ಟ್ರವ್ಯಾಪಿ ನಿಷೇಧವೂ ಗೊಂದಲ ಹೆಚ್ಚಿಸಿತು. ಅದು ಸ್ಟ್ರಾ, ಚಮಚ, ತಟ್ಟೆ, ಲೋಟ, ಇಯರ್‌ಬಡ್‌ಗಳಂಥ ವಸ್ತುಗಳ ಪಟ್ಟಿ. ಕ್ಯಾರಿಬ್ಯಾಗ್ ಆ ಪಟ್ಟಿಯಲ್ಲೇ ಇಲ್ಲ.

ಇಷ್ಟಾಗಿಯೂ ಸಂತೆಯಲ್ಲಿ, ತಳ್ಳುಗಾಡಿಯಲ್ಲಿ ತೆಳು ಕವರ್ ನೇತಾಡುತ್ತಲೇ ಇದೆ. ಪಕ್ಕದ ಗಾಡಿಯವರು ಕೊಡುವಾಗ ತಾನು ಕೊಡದಿದ್ದರೆ ಗಿರಾಕಿ ಕೈತಪ್ಪುತ್ತದೆಂಬುದು ವ್ಯಾಪಾರಿಯ ಭಯ, ಅದು ಸುಳ್ಳೂ ಅಲ್ಲ. ದಾಳಿ ನಡೆದಾಗ ದಂಡ ಕಟ್ಟುವುದು ಹೆಚ್ಚಾಗಿ ಸೊಪ್ಪು ಮಾರುವವರು. ಸರಕು ಹೊರಡುವ ಘಟಕ, ಗೋದಾಮುಗಳಿಗೆ ಬಿಸಿ ಮುಟ್ಟುವುದು ಅಪರೂಪ. ಐರ್ಲೆಂಡ್ ಬೇರೆ ದಾರಿ ಹಿಡಿಯಿತು. 2002ರಲ್ಲಿ ಪ್ರತಿ ಚೀಲಕ್ಕೆ 15 ಸೆಂಟ್ ಕರ ವಿಧಿಸಿ, ಅದನ್ನು ಬಿಲ್ಲಿನಲ್ಲೇ ಗ್ರಾಹಕರಿಂದ ವಸೂಲು ಮಾಡಿತು. ತಲಾ ವರ್ಷಕ್ಕೆ 328 ಇದ್ದ ಬಳಕೆ 21ಕ್ಕೆ ಇಳಿಯಿತು. ಮತ್ತೆ ಸ್ವಲ್ಪ ಏರತೊಡಗಿದಾಗ 2007ರಲ್ಲಿ ಕರವನ್ನು 22 ಸೆಂಟ್‌ಗೆ ಏರಿಸಿದರು. ಬಿಟ್ಟಿ ಸಿಗುವ ವಸ್ತುವಿಗೆ ಬೆಲೆ ಕಟ್ಟಿದರೆ ಕೈ ತಾನೇ ಹಿಂದೆ ಸರಿಯುತ್ತದೆ.

ಕವರ್ ಬಿಟ್ಟವರು ಏನನ್ನು ಹಿಡಿದರು ಎಂಬುದು ಮುಂದಿನ ಪ್ರಶ್ನೆ. ಕರ್ನಾಟಕದಲ್ಲಿ ನಿಷೇಧದ ಬೆನ್ನಿಗೇ ಬಟ್ಟೆ ಅಂಗಡಿ, ಬೇಕರಿ, ಮದುವೆಮನೆಗಳಲ್ಲಿ ಬಣ್ಣಬಣ್ಣದ ಹೊಸ ಚೀಲ ಕಾಣಿಸಿಕೊಂಡಿತು. ಮುಟ್ಟಿದರೆ ಬಟ್ಟೆಯಂತಿರುವ ಇದನ್ನು ಜನ ಬಟ್ಟೆ ಚೀಲವೆಂದೇ ಕರೆಯುತ್ತಾರೆ. ಇದು ನಾನ್‌ವೋವನ್ ಚೀಲ, ಅಂದರೆ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ಎಳೆಗಳನ್ನು ನೇಯದೆ ಶಾಖದಿಂದ ಒತ್ತಿ ಮಾಡಿದ ಹಾಳೆ. ಗುರುತು ಹಿಡಿಯುವುದು ಕಷ್ಟವಲ್ಲ. ಬೆಳಕಿಗೆ ಹಿಡಿದರೆ ಹಾಸು-ಹೊಕ್ಕಿನ ನೂಲು ಕಾಣುವುದಿಲ್ಲ, ಸಾಲಾಗಿ ಒತ್ತಿದ ಸಣ್ಣ ಚುಕ್ಕಿಗಳು ಕಾಣುತ್ತವೆ. ಅಂಚಿನಲ್ಲಿ ಎಷ್ಟೋ ಸಲ ಹೊಲಿಗೆಯೇ ಇರುವುದಿಲ್ಲ, ಬೆಸುಗೆ ಇರುತ್ತದೆ. ತುದಿಯ ಒಂದು ಎಳೆಗೆ ಬೆಂಕಿ ತಾಗಿಸಿದರೆ ಹತ್ತಿಯಂತೆ ಉರಿದು ಬೂದಿಯಾಗದೆ, ಮುದುಡಿ ಕರಗಿ ಗಟ್ಟಿ ಮಣಿಯಾಗುತ್ತದೆ. ಚದರ ಮೀಟರಿಗೆ 60 ಗ್ರಾಂಗಿಂತ ಕಡಿಮೆ ತೂಗುವ ಇಂಥ ಚೀಲಗಳನ್ನು 2021ರಿಂದ ಕೇಂದ್ರದ ನಿಯಮವೂ ನಿಷೇಧಿಸಿದೆ. ತೆಳುವಾದ ನಾನ್‌ವೋವನ್ ಚೀಲ ಬಿಸಿಲಿಗೆ ಬಿದ್ದರೆ ನೂಲುನೂಲಾಗಿ ಉದುರುವುದರಿಂದ ಹಳೆಯ ಕವರಿಗಿಂತ ಉತ್ತಮವೆನ್ನಲು ಕಾರಣವೇ ಇಲ್ಲ. ದಪ್ಪನೆಯದು ಕೈಗೆ ಬಂದಿದ್ದರೆ ಹರಿಯುವವರೆಗೂ ಬಳಸುವುದೇ ಲೇಸು.

‘ಕಾಂಪೋಸ್ಟಬಲ್’ ಎಂದು ಹಸಿರು ಅಕ್ಷರದಲ್ಲಿ ಅಚ್ಚಾದ ಕವರಿನ ಮಾತೂ ಹೀಗೆಯೇ. ಮುಸುಕಿನ ಜೋಳ ಮುಂತಾದವುಗಳ ಪಿಷ್ಟದಿಂದ ಮಾಡಿದ ಇವು ಗೊಬ್ಬರವಾಗಬೇಕಾದರೆ 58 ಡಿಗ್ರಿ ಆಸುಪಾಸಿನ ಉಷ್ಣತೆಯನ್ನು ವಾರಗಟ್ಟಲೆ ಕಾಯ್ದುಕೊಳ್ಳುವ ಕೈಗಾರಿಕಾ ಘಟಕ ಬೇಕು. ಹಿತ್ತಲ ತಿಪ್ಪೆ ಸಾಲದು. ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದ ಸಂಶೋಧಕರು ಬಗೆಬಗೆಯ ಚೀಲಗಳನ್ನು ಮೂರು ವರ್ಷ ಮಣ್ಣಿನಲ್ಲೂ ಸಮುದ್ರದಲ್ಲೂ ಇಟ್ಟು 2019ರಲ್ಲಿ ಫಲಿತಾಂಶ ಪ್ರಕಟಿಸಿದರು. ಜೈವಿಕವಾಗಿ ಕರಗುತ್ತದೆ ಎಂದು ಬರೆದಿದ್ದ ಚೀಲವನ್ನು ಮೂರು ವರ್ಷದ ಮೇಲೆ ಮಣ್ಣಿನಿಂದ ಎತ್ತಿ, ಅದರಲ್ಲೇ ಸಾಮಾನು ತುಂಬಿ ತೋರಿಸಿದರು.

ಕಾಗದದ ಚೀಲ ಬೇಗ ಕೊಳೆಯುತ್ತದೆ, ದನ ತಿಂದರೂ ಜೀವಕ್ಕೆ ಅಪಾಯ ಕಡಿಮೆ. ಆದರೆ ತಯಾರಿಕೆಗೆ ನೀರು, ಶಕ್ತಿ ಹೆಚ್ಚು ಬೇಕು, ಮಳೆಗೆ ಹರಿಯುತ್ತದೆ. ಹೊಸ ಹತ್ತಿ ಚೀಲದ ಲೆಕ್ಕ ಇನ್ನೂ ಬೆಚ್ಚಿಬೀಳಿಸುವಂಥದು. ಹತ್ತಿ ಬೆಳೆಗೆ ಹೇರಳ ನೀರು, ಗೊಬ್ಬರ, ಕೀಟನಾಶಕ ಬೇಕು. 2018ರ ಡೆನ್ಮಾರ್ಕ್ ಸರ್ಕಾರದ ಅಧ್ಯಯನದ ಪ್ರಕಾರ, ಹವಾಮಾನದ ಮೇಲಿನ ಪರಿಣಾಮವೊಂದನ್ನೇ ನೋಡಿದರೂ, ಹತ್ತಿ ಚೀಲವನ್ನು 52 ಸಲ ಬಳಸಿದ ಮೇಲಷ್ಟೇ ಅದು ಪ್ಲಾಸ್ಟಿಕ್ ಚೀಲಕ್ಕೆ ಸಮ. ಎಲ್ಲ ಬಗೆಯ ಪರಿಣಾಮಗಳನ್ನೂ ಸೇರಿಸಿದಾಗ ಆ ಸಂಖ್ಯೆ 7,100ಕ್ಕೆ ಏರಿತು. ಪ್ಲಾಸ್ಟಿಕ್ ಉದ್ಯಮದ ಪರ ವಾದಿಸುವವರು ಎತ್ತಿ ಹಿಡಿಯುವುದು ಈ ದೊಡ್ಡ ಸಂಖ್ಯೆಯನ್ನೇ. ಕಸ ಚರಂಡಿಗೆ, ಹಸುವಿನ ಹೊಟ್ಟೆಗೆ, ಕಡಲಿಗೆ ಹೋಗುವುದರ ಹಾನಿ ಆ ಲೆಕ್ಕದಲ್ಲಿ ಸೇರಿರಲಿಲ್ಲ. ಕಸ ವ್ಯವಸ್ಥಿತವಾಗಿ ಸಂಗ್ರಹವಾಗಿ ವಿಲೇವಾರಿಯಾಗುವ ದೇಶದ ಲೆಕ್ಕವನ್ನು ಬೀದಿಯಲ್ಲಿ ಕಸ ಬೀಳುವ ದೇಶಕ್ಕೆ ಹಾಗೆಯೇ ತಂದು ಹಚ್ಚಲಾಗದು. ಆದರೂ ಅದರಲ್ಲಿ ಒಂದು ಎಚ್ಚರಿಕೆಯಿದೆ. ಸಭೆ, ಸಮಾರಂಭ, ಗೃಹಪ್ರವೇಶಗಳಲ್ಲಿ ಕಾಣಿಕೆಯಾಗಿ ಬಂದ ಹತ್ತಿ ಚೀಲಗಳು ಕಪಾಟಿನಲ್ಲಿ ರಾಶಿ ಬಿದ್ದಿದ್ದರೆ ಅವುಗಳಿಂದ ಪರಿಸರಕ್ಕೆ ನಷ್ಟವೇ. ಬ್ರಿಟನ್ನಿನಲ್ಲಿ ಚೀಲಕ್ಕೆ ಶುಲ್ಕ ಹಾಕಿದ ಮೇಲೆ ತೆಳು ಕವರ್ ಕಡಿಮೆಯಾಗಿ, ಬಾಳಿಕೆಯ ದಪ್ಪ ಚೀಲಗಳನ್ನೇ ಜನ ಪ್ರತಿ ವಾರ ಕೊಳ್ಳತೊಡಗಿದರು.

ಈ ಲೆಕ್ಕದಿಂದ ತಪ್ಪಿಸಿಕೊಳ್ಳುವ ಚೀಲವೊಂದಿದೆ: ಹಳೆಯ ಬಟ್ಟೆಯದು. ಹರಿದ ಪಂಚೆ, ಬಣ್ಣಗೆಟ್ಟ ಹಾಸುಹೊದಿಕೆ, ಗಿಡ್ಡವಾದ ಪ್ಯಾಂಟು ಇವುಗಳಿಗಾಗಿ ಹೊಸದಾಗಿ ಹತ್ತಿ ಬೆಳೆಯಬೇಕಿಲ್ಲ. ಪ್ಯಾಂಟಿನ ಎರಡು ಕಾಲು ಎರಡು ಗಟ್ಟಿ ಚೀಲವಾಗುತ್ತವೆ. ತಳಕ್ಕೆ ಎರಡು ಸಾಲು ಹೊಲಿಗೆ, ಹಿಡಿಕೆ ಸೇರುವಲ್ಲಿ ಚೌಕ ಹಾಕಿ ಅದರೊಳಗೆ ಗುಣಾಕಾರದ ಚಿಹ್ನೆಯಂತೆ ಅಡ್ಡಹೊಲಿಗೆ ಹಾಕಿದರೆ ಐದು ಕಿಲೋ ಅಕ್ಕಿಗೂ ಕಿತ್ತುಬರುವುದಿಲ್ಲ. 25 ಕಿಲೋ ಅಕ್ಕಿ ಬರುವ ಹೆಣೆದ ಚೀಲವನ್ನು ಕತ್ತರಿಸಿ ಹೊಲಿದ ಕೈಚೀಲ, ಅಜ್ಜಿಯರ ಕಾಲದ ವೈರ್ ಬುಟ್ಟಿ ಇವೂ ಪ್ಲಾಸ್ಟಿಕ್ಕೇ. ವರ್ಷಾನುಗಟ್ಟಲೆ ಬಾಳುವುದರಿಂದ ಅವುಗಳ ಮೇಲೆ ಮುನಿಸು ಬೇಡ.

ಕೈಚೀಲ ಒಂದಿದ್ದರೆ ಎಲ್ಲ ಮುಗಿಯಿತು ಎಂಬುದು ಅರ್ಧ ಸತ್ಯ. ಅಂಗಡಿಯಲ್ಲಿ ಟೊಮೆಟೊಗೊಂದು, ಬೀನ್ಸಿಗೊಂದು, ಹಸಿಮೆಣಸಿನಕಾಯಿಗೊಂದು ಪುಟ್ಟ ಕವರ್ ಕಟ್ಟಿ, ಅವೆಲ್ಲವನ್ನೂ ಬಟ್ಟೆ ಚೀಲಕ್ಕೆ ಹಾಕಿಕೊಂಡು ಬರುವುದೂ ಇದೆ. ಇದಕ್ಕೆ ಪರಿಹಾರ ತೆಳು ಬಟ್ಟೆಯ ನಾಲ್ಕಾರು ಸಣ್ಣ ಚೀಲಗಳು, ಇಲ್ಲವೇ ಎಲ್ಲವನ್ನೂ ಒಟ್ಟಿಗೆ ಸುರಿಸಿಕೊಂಡು ಮನೆಯಲ್ಲಿ ಬೇರ್ಪಡಿಸುವ ತಾಳ್ಮೆ. ಮೀನು, ಮಾಂಸ, ದೋಸೆಹಿಟ್ಟು, ಹೋಟೆಲಿನ ಸಾಂಬಾರಿಗೆ ಮುಚ್ಚಳವಿರುವ ಸ್ಟೀಲ್ ಡಬ್ಬಿಯೇ ಸರಿ. ಕುದಿಯುವ ಸಾಂಬಾರನ್ನು ತೆಳು ಕವರಿಗೆ ಸುರಿಯುವುದಂತೂ ಆರೋಗ್ಯದ ದೃಷ್ಟಿಯಿಂದಲೂ ಬಿಡಬೇಕಾದ ಪದ್ಧತಿ. ಬಟ್ಟೆ ಚೀಲವನ್ನು ಆಗಾಗ ಒಗೆಯಬೇಕು, ಮಾಂಸಕ್ಕೂ ಹಣ್ಣಿಗೂ ಒಂದೇ ಚೀಲ ಕೂಡದು.

ಕಸದ ಬುಟ್ಟಿಗೆ ಹಾಕಲು ಕವರ್ ಬೇಕೇ ಬೇಕು ಎಂಬ ಆಕ್ಷೇಪಣೆಗೂ ಹುರುಳಿದೆ. ಕ್ಯಾಲಿಫೋರ್ನಿಯಾದ ನಗರಗಳಲ್ಲಿ ಅಂಗಡಿ ಚೀಲ ನಿಷೇಧವಾದ ಮೇಲೆ ಕಸದ ಚೀಲಗಳ ಮಾರಾಟ ಏರಿ, ಉಳಿಸಿದ ಪ್ಲಾಸ್ಟಿಕ್ಕಿನಲ್ಲಿ ಕಾಲುಭಾಗಕ್ಕಿಂತ ಹೆಚ್ಚು ಹಾಗೆಯೇ ವಾಪಸು ಬಂತೆಂದು 2019ರ ಅಧ್ಯಯನವೊಂದು ಲೆಕ್ಕ ಹಾಕಿದೆ. ಬೆಂಗಳೂರಿನಲ್ಲಿ ಹಸಿಕಸಕ್ಕೊಂದು ಡಬ್ಬಿ, ಶೌಚ ತ್ಯಾಜ್ಯಕ್ಕೊಂದು ಡಬ್ಬಿ, ಒಣಕಸಕ್ಕೊಂದು ಚೀಲ ಎಂಬ ಕ್ರಮವಿದೆ. ಹಸಿಕಸದ ಡಬ್ಬಿಯ ತಳಕ್ಕೆ ಹಳೆಯ ದಿನಪತ್ರಿಕೆ ಹಾಸಿ, ಕಸದ ಗಾಡಿ ಬಂದಾಗ ನೇರವಾಗಿ ಸುರಿದು, ಡಬ್ಬಿ ತೊಳೆದಿಟ್ಟರೆ ಕವರಿನ ಅಗತ್ಯವಿಲ್ಲ.

ಮರೆವು ಉಳಿದ ದೊಡ್ಡ ತೊಡಕು. ಚೀಲವಿಲ್ಲದೆ ಬಂದವರಿಗಾಗಿ ತಮಿಳುನಾಡು 2021ರ ಡಿಸೆಂಬರಿನಲ್ಲಿ ‘ಮೀಂಡುಂ ಮಂಜಪ್ಪೈ’ ಎಂಬ ಆಂದೋಲನ ಶುರುಮಾಡಿ, ಹಿಂದಿನ ಹಳದಿ ಬಟ್ಟೆ ಚೀಲವನ್ನು ಮರಳಿ ಬಳಕೆಗೆ ತಂದಿತು. ಮಾರುಕಟ್ಟೆಗಳಲ್ಲಿ ನಾಣ್ಯ ಹಾಕಿದರೆ ಚೀಲ ಕೊಡುವ ಯಂತ್ರಗಳನ್ನೂ ಇಟ್ಟಿತು. ಕರ್ನಾಟಕದ ಸಂತೆ, ತರಕಾರಿ ಮಾರುಕಟ್ಟೆಗಳಲ್ಲಿ ಸ್ತ್ರೀಶಕ್ತಿ ಸಂಘಗಳು ಹೊಲಿದ ಹಳೆ ಬಟ್ಟೆಯ ಚೀಲಗಳನ್ನು ಇದೇ ರೀತಿ ಸುಲಭವಾಗಿ ಸಿಗುವಂತೆ ಮಾಡಲು ಯಾವ ಅಡ್ಡಿಯೂ ಇಲ್ಲ. ಅಲ್ಲಿಯವರೆಗೆ ಸ್ಕೂಟರಿನ ಡಿಕ್ಕಿಯಲ್ಲಿ, ಕಚೇರಿಯ ಬ್ಯಾಗಿನಲ್ಲಿ ಒಂದೊಂದು ಚೀಲ ಮಡಿಸಿಟ್ಟುಕೊಳ್ಳಿ. ವ್ಯಾಪಾರಿ ಕವರಿಗೆ ಕೈ ಹಾಕುವ ಮುಂಚೆಯೇ ಅದನ್ನು ಮುಂದಕ್ಕೆ ಹಿಡಿಯಿರಿ. ತಕ್ಕಡಿಯಿಂದ ಕವರಿಗೆ ಬಿದ್ದ ತರಕಾರಿಯನ್ನು ವಾಪಸು ತೆಗೆಸುವುದು ಇಬ್ಬರಿಗೂ ಮುಜುಗರ.